ಗುಡ್ಡದ ಮೇಲೆ ಸಾವಿರದ ತೊಂಬತ್ತಾರು ಬೆಳಗು

ಬೆಳಗಿನ ನಾಲ್ಕೂಮುಕ್ಕಾಲು ಗಂಟೆ. ಮಂಜು ಎಷ್ಟು ದಟ್ಟವೆಂದರೆ ಹಸನ್ ಕುಂಞಿಯವರ ಕೈಯಲ್ಲಿರುವ ಟಾರ್ಚಿನ ಬೆಳಕು ನಾಲ್ಕು ಮಾರು ಹೋಗುವುದರೊಳಗೆ ಸುಸ್ತಾಗಿ ನಿಂತುಬಿಡುತ್ತದೆ. ಅವರಿಗೆ ಅದರ ಹಂಗಿಲ್ಲ. ಹಳ್ಳಿಯ ಕೊನೆಯ ಕಲ್ಲುಮನೆ, ಅದರಾಚೆ ಒಣಗಿದ ಹಳ್ಳ, ಹಳ್ಳ ದಾಟಿದರೆ ಗುಡ್ಡ. ದಾರಿ ಕಣ್ಣಿಗಿಂತ ಕಾಲಿಗೇ ಚೆನ್ನಾಗಿ ಗೊತ್ತು. ಮೊಣಕಾಲೆತ್ತರದ ನೇರಳೆ ಹೂವಿನ ಪೊದೆಗಳು ಪ್ಯಾಂಟನ್ನು ತೊಡೆಯವರೆಗೆ ತೋಯಿಸುತ್ತವೆ; ತುಳಿದಲ್ಲೆಲ್ಲ ಓಮದಂಥ ಘಾಟು ಏಳುತ್ತದೆ. ಇನ್ನೂ ಮೇಲೆ, ಸೊಟ್ಟಗೆ ಬೆಳೆದ ಮುದಿ ಮರಗಳ ತೋಪಿನಲ್ಲಿ, ಕೊಂಬೆಗಳಿಂದ ಹನಿ ಉದುರುವ ಸದ್ದು. ಬಂಡೆಯ ಸಂದಿನಲ್ಲಿ ಮುದುಡಿ ಕೂತ ಕೋತಿಗಳ ಹಿಂಡು ಇವರನ್ನು ನೋಡಿ ಒಮ್ಮೆ ಗೊಗ್ಗರು ದನಿಯಲ್ಲಿ ಕೂಗಿ ಸುಮ್ಮನಾಗುತ್ತದೆ. ದಿನಾ ಬರುವ ಮನುಷ್ಯ, ಇವನ ಹತ್ತಿರ ತಿನ್ನಲು ಏನೂ ಇರುವುದಿಲ್ಲ ಎಂದು ಅವಕ್ಕೂ ಗೊತ್ತಾಗಿದೆ.

ಆರು ಗಂಟೆಗೆ ಐದು ನಿಮಿಷ ಇರುವಾಗ ಅವರು ನೆತ್ತಿಯಲ್ಲಿರುತ್ತಾರೆ. ಅಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಸೊಂಟದೆತ್ತರಕ್ಕೆ ಒಂದು ತಗಡಿನ ಡಬ್ಬಿ. ಸುತ್ತ ಮುಳ್ಳಿನ ಬೇಲಿ. ಅದು ಮಳೆಮಾಪಕ. ಕೈಯನ್ನು ಸ್ವೆಟರಿಗೆ ಒರೆಸಿಕೊಂಡು, ಬಿಸ್ಮಿಲ್ಲಾ ಹೇಳಿ, ಡಬ್ಬಿಯ ಬಾಯಿಯ ಆಲಿಕೆಯನ್ನು ಮೆಲ್ಲನೆ ಎತ್ತುತ್ತಾರೆ. ಒಳಗಿನ ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಗೆ ಹೊಯ್ದು, ಮಂಡಿಯೂರಿ, ನೀರಿನ ಮಟ್ಟಕ್ಕೆ ಸರಿಯಾಗಿ ಕಣ್ಣಿಟ್ಟು ನೋಡುತ್ತಾರೆ. ಸೊನ್ನೆ ಬಿಂದು ಆರು ಮಿಲಿಮೀಟರ್. ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಈ ತೇವದಲ್ಲಿ ಪೆನ್ನು ಕಾಗದದ ಮೇಲೆ ಜಾರುತ್ತದೆಯೇ ಹೊರತು ಬರೆಯುವುದಿಲ್ಲ.

ಇವತ್ತು ೧೯೮೬ರ ಮಾರ್ಚ್ ಮೂವತ್ತು. ಈ ಪುಸ್ತಕದ ಸಾವಿರದ ತೊಂಬತ್ತೈದನೆಯ ಬರಹ ಇದು. ನಾಳೆ ಇನ್ನೊಂದು ಬರೆದರೆ ಒಂದು ದಿನವೂ ತಪ್ಪದ ಮೂರು ವರ್ಷ ತುಂಬುತ್ತದೆ. ತುಂಬಿದರೆ ಮಾತ್ರ ಕೆಳಗಿನ ಹಳ್ಳಕ್ಕೆ ಸಣ್ಣದೊಂದು ಅಣೆಕಟ್ಟು ಕಟ್ಟುವ ಕಾಗದ ಮುಂದಕ್ಕೆ ಹೋಗುತ್ತದೆ. ನಡುವೆ ಒಂದು ದಿನ ಬಿಟ್ಟುಹೋಗಿದೆ ಎಂದು ಇಲಾಖೆ ಹೇಳಿದರೆ ಮೂರು ವರ್ಷವೂ ನೀರಿನಲ್ಲಿ ಹೋಮ. ಹಾಗೆ ಹೇಳಬಹುದಾದ ಒಂದು ದಿನ ಈ ಪುಸ್ತಕದಲ್ಲಿದೆ. ನಾಳೆ ಇಂಜಿನಿಯರ್ ಬಂದು ಅದನ್ನು ನೋಡಲಿದ್ದಾರೆ. ಹಸನ್ ಕುಂಞಿಯವರಿಗೆ ಎರಡು ದಿನದಿಂದ ಸರಿಯಾಗಿ ಊಟ ಸೇರಿಲ್ಲ.

ಸೌದಿ ಅರೇಬಿಯಾ ಎಂದೊಡನೆ ಮರಳು, ಒಂಟೆ, ಎಣ್ಣೆಬಾವಿ ಎನ್ನುವವರು ಅಸೀರ್ ಸೀಮೆಯ ಈ ಗುಡ್ಡಗಳನ್ನು ನೋಡಿಲ್ಲ. ಸಮುದ್ರ ಮಟ್ಟದಿಂದ ಎಂಟೂವರೆ ಸಾವಿರ ಅಡಿ. ಅಬ್ಹಾ ಪಟ್ಟಣದಿಂದ ಎಪ್ಪತ್ತು ಕಿಲೋಮೀಟರು ತಿರುವು ರಸ್ತೆ. ಅದು ಮುಗಿದಲ್ಲಿ ಅರುವತ್ತು ಮನೆಗಳ ಹಳ್ಳಿ. ಅದರ ತಲೆಯ ಮೇಲೆ ಈ ಗುಡ್ಡ. ಹಳ್ಳಿಯವರು ಇದನ್ನು ಉಮ್ಮುಲ್ ಗೈಮ್ ಎನ್ನುತ್ತಾರೆ, ಮೋಡದ ತಾಯಿ. ಹಸನ್ ಕುಂಞಿಯವರು ಸ್ವೆಟರು, ಮಫ್ಲರು ಹಾಕಿಕೊಂಡು ಹೂವಿನ ಪೊದೆಗಳ ನಡುವೆ ನಿಂತು ತೆಗೆಸಿದ ಫೋಟೋವನ್ನು ರಾಸ್ ತನೂರಾದಲ್ಲಿರುವ ಊರಿನ ಗೆಳೆಯನಿಗೆ ಕಳಿಸಿದ್ದರಂತೆ. ಅಲ್ಲಿ ರಿಫೈನರಿಯ ಬಿಸಿಲಿನಲ್ಲಿ ಬೇಯುತ್ತಿದ್ದ ಆ ಗೆಳೆಯ, ಊಟಿಗೆ ಯಾವಾಗ ಹೋಗಿದ್ದೆ ಮಾರಾಯ, ನಮಗೆ ಹೇಳಲೇ ಇಲ್ಲ ಎಂದು ಬರೆದ.

ಮೂವತ್ತನಾಲ್ಕು ವರ್ಷದ ಈ ಮನುಷ್ಯ ಮೂಲತಃ ದೋಣಿಯವರು. ನೇತ್ರಾವತಿಯ ಒಂದು ಕಡವಿನಲ್ಲಿ ಅಪ್ಪ ಜನರನ್ನು ದಾಟಿಸುತ್ತಿದ್ದರು, ಅಪ್ಪನ ನಂತರ ಮಗ. ಆಮೇಲೆ ಹತ್ತಿರದಲ್ಲೇ ಸೇತುವೆಯಾಯಿತು. ಸೇತುವೆಯಾದ ಕಡವಿನ ಅಂಬಿಗನನ್ನು ಕೇಳುವವರು ಯಾರು? ೧೯೮೨ರ ಅಕ್ಟೋಬರಿನಲ್ಲಿ, ಮದುವೆಯಾಗಿ ಒಂದು ವರ್ಷ ತುಂಬುವಷ್ಟರಲ್ಲಿ, ವೀಸಾ ಹಿಡಿದು ಹೊರಟರು. ಏಜೆಂಟ್ ಹೇಳಿದ್ದು ನೀರಿನ ಇಲಾಖೆಯ ಕೆಲಸ ಎಂದು. ದೋಣಿಯವನಿಗೆ ನೀರಿನ ಕೆಲಸ ತಾನೇ, ಸರಿ ಎಂದುಕೊಂಡು ಬಂದವರನ್ನು ಇಲಾಖೆಗೆ ಆಳು ಒದಗಿಸುವ ಗುತ್ತಿಗೆದಾರ ಒಂದು ಹೊದಿಕೆ, ಒಂದು ಸೀಮೆಎಣ್ಣೆ ಸ್ಟವ್ ಕೊಟ್ಟು ಈ ಗುಡ್ಡದ ಬುಡದಲ್ಲಿ ಇಳಿಸಿಹೋದ.

ಮೊದಲಿದ್ದ ಪಾಕಿಸ್ತಾನಿ ನೌಕರ ಆಗಲೇ ಗಂಟುಮೂಟೆ ಕಟ್ಟಿ ನಿಂತಿದ್ದ. ಒಂದೇ ದಿನ ಗುಡ್ಡಕ್ಕೆ ಕರೆದೊಯ್ದು ಡಬ್ಬಿ ತೋರಿಸಿದ. ಅವನು ಹಿಂದಿಯಲ್ಲಿ ಹೇಳಿದ ಪಾಠ ಇಷ್ಟೇ: ಮಳೆ ಬಂದರೆ ಅಳೆದು ಬರಿ, ಬಾರದಿದ್ದರೆ ಸೊನ್ನೆ ಹಾಕು. ಇದರಲ್ಲಿ ಅರ್ಥವಾಗದಿರಲು ಏನಿದೆ? ಹಸನ್ ಕುಂಞಿಯವರಿಗೆ ಪೂರ್ತಿ ಅರ್ಥವಾಯಿತು. ಅವರ ಕಷ್ಟ ಶುರುವಾದದ್ದೇ ಅಲ್ಲಿಂದ.

ಆ ವರ್ಷದ ಚಳಿಗಾಲದಲ್ಲಿ ಗುಡ್ಡದ ಮೇಲೆ ದಿನಗಟ್ಟಲೆ ಮಂಜು ಕೂತಿತು. ಬೆಳಿಗ್ಗೆ ಬಾಟಲಿ ತೆಗೆದರೆ ತಳದಲ್ಲಿ ಸ್ವಲ್ಪ ನೀರು ಇರುತ್ತಿತ್ತು. ಅದನ್ನು ಅವರು ಪಕ್ಕಕ್ಕೆ ಚೆಲ್ಲಿ, ಬಾಟಲಿ ಕೊಡವಿ, ಪುಸ್ತಕದಲ್ಲಿ ದುಂಡಗೆ ಸೊನ್ನೆ ಬರೆದರು. ಅಂಥ ಮೂವತ್ತೇಳು ಸೊನ್ನೆ. ಸೋಮಾರಿತನವಲ್ಲ, ಗುಡ್ಡ ಹತ್ತದ ದಿನ ಒಂದೂ ಇರಲಿಲ್ಲ. ನೇತ್ರಾವತಿ ದಡದವನ ಕಣ್ಣಿಗೆ ಅದು ಮಳೆಯೆಂದು ಕಾಣಲಿಲ್ಲ, ಅಷ್ಟೇ.

"ನಮ್ಮಲ್ಲಿ ಆಟಿ ತಿಂಗಳಲ್ಲಿ ಮಳೆ ಬಂದ್ರೆ ಪಕ್ಕದಲ್ಲಿ ಕೂತವ ಮಾತಾಡಿದ್ದು ಕೇಳುದಿಲ್ಲ. ಅದಕ್ಕೆ ಮಳೆ ಅಂತ ಹೇಳುದು," ಎನ್ನುತ್ತಾರೆ ಹಸನ್ ಕುಂಞಿ. "ಇದು ಎಂತದು? ಕಾಗೆಯ ರೆಕ್ಕೆ ಸಹ ಒದ್ದೆ ಆಗ್ಲಿಕ್ಕಿಲ್ಲ. ನಾನು ಇಬ್ಬನಿ ಅಂತ ಗ್ರಹಿಸಿದೆ. ಇಬ್ಬನಿಯನ್ನು ಯಾರಾದ್ರೂ ಅಳೆಯುವುದುಂಟಾ?"

ತಪ್ಪು ತೋರಿಸಿಕೊಟ್ಟದ್ದು ಕಚೇರಿಯವರಲ್ಲ, ಆಡು ಮೇಯಿಸುವ ಒಬ್ಬ ಮುದುಕಿ. ಅಗಲವಾದ ಹುಲ್ಲಿನ ಟೋಪಿ, ಕೆಳಗೆ ಹಳದಿ ವಸ್ತ್ರ, ಕೈಯಲ್ಲಿ ಕೋಲು. ಹಸನ್ ಕುಂಞಿ ಅವರನ್ನು ಖಾಲಾ ಎಂದು ಕರೆಯುತ್ತಾರೆ, ಚಿಕ್ಕಮ್ಮ ಎಂದ ಹಾಗೆ. ೧೯೮೩ರ ಮಾರ್ಚಿನ ಒಂದು ಬೆಳಿಗ್ಗೆ ಇವರು ಬಾಟಲಿ ಕೊಡವುತ್ತಿದ್ದಾಗ ಅವರು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ನೋಡಿ ಕೇಳಿದ್ದು ಒಂದೇ ಮಾತು: "ನಮ್ಮ ಪಾಲಿನದನ್ನು ಯಾಕೆ ಚೆಲ್ಲುತ್ತಿದ್ದೀ?"

ಇವರು ನಕ್ಕು, ನಮ್ಮೂರಿನಲ್ಲಿ ಇದನ್ನು ಮಳೆ ಅನ್ನುವುದಿಲ್ಲ ಎಂದು ಹರಕು ಅರಬಿಯಲ್ಲಿ ಹೇಳಿದರು. ಮುದುಕಿ ನಗಲಿಲ್ಲ. ತೋಪಿನ ಕಡೆಗೆ ಕೋಲು ತೋರಿಸಿ ನಡೆದರು, ಇವರು ಹಿಂದಿನಿಂದ ಹೋದರು. ಮುದಿ ಮರಗಳ ಬುಡದಲ್ಲಿ ಕಲ್ಲು ಕಡೆದು ಮಾಡಿದ ಬೋಗುಣಿಗಳಿದ್ದವು. ಕೊಂಬೆಯಿಂದ ಹನಿಹನಿಯಾಗಿ ಬಿದ್ದ ನೀರು ಅವುಗಳಲ್ಲಿ ನಿಂತಿತ್ತು, ಆಡುಗಳು ಕುಡಿಯುತ್ತಿದ್ದವು. ಮಳೆ ಜೋರಾಗಿ ಬರುವುದು ವರ್ಷಕ್ಕೆ ಹತ್ತು ಸಲ, ಉಳಿದ ದಿನ ನಾವು ಬದುಕುವುದು ಇದರಲ್ಲಿ ಎಂದು ಮುದುಕಿ ಹೇಳಿದರು. ಬೋಗುಣಿಗಳನ್ನು ಕಡೆದವರು ಯಾರು ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಅಜ್ಜಿಯ ಕಾಲಕ್ಕೂ ಇದ್ದವಂತೆ. ಹಸನ್ ಕುಂಞಿ ಪುಸ್ತಕ ತೆಗೆದು ತಾವು ಬರೆದ ಸೊನ್ನೆಗಳನ್ನು ಎಣಿಸಿದರು. ಚೆಲ್ಲಿದ್ದು ಮೂವತ್ತೇಳು ದಿನದ ನೀರು.

ಆಗ ಅವರು ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟಿರುವ ಭಟ್ಕಳದ ಸಾದುಲ್ಲಾ ಸಾಹೇಬರು ಹೇಳಿದ್ದೂ ಅದನ್ನೇ. ಇಲ್ಲಿನ ಕನ್ನಡದವರ ಪತ್ರಗಳೆಲ್ಲ ಬರುವುದು ಅವರ ಅಂಗಡಿಯ ವಿಳಾಸಕ್ಕೆ. ಅರಬಿಯಲ್ಲಿ ಅರ್ಜಿ ಬರೆದುಕೊಡುವವರೂ ಅವರೇ. ಕಚೇರಿಯವರು ಕೇಳದೆ ನೀನಾಗಿ ಹೋಗಿ ಹೇಳುವುದು ಇರುವೆಗೂಡಿಗೆ ಕೈಹಾಕಿದ ಹಾಗೆ, ಇಲ್ಲಿ ಉಳಿಯುವ ಪರವಾನಗಿ ಇಕಾಮಾವನ್ನೇ ರದ್ದು ಮಾಡಿ ವಿಮಾನ ಹತ್ತಿಸಿದರೆ ಏನು ಮಾಡುತ್ತೀ ಎಂದು ಬುದ್ಧಿ ಹೇಳಿದರು. ಹಸನ್ ಕುಂಞಿ ಎಲ್ಲವನ್ನೂ ಕೇಳಿಕೊಂಡು, ಅದನ್ನೇ ಅರಬಿಯಲ್ಲಿ ಬರೆದುಕೊಡಿ ಎಂದರು. ಏನನ್ನು? ತಪ್ಪು ಮಾಡಿದೆ ಎಂಬುದನ್ನು.

ಇಲಾಖೆಯ ಇಂಜಿನಿಯರ್ ಸುಡಾನಿನವರು, ತಲೆ ನೆರೆತ, ಮಿತಮಾತಿನ ಮನುಷ್ಯ. ಅರ್ಜಿ ಓದಿದರು, ಪುಸ್ತಕ ತಿರುವಿದರು, ಆ ಐದು ತಿಂಗಳ ಹಾಳೆಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದರು. ಈ ಗುಡ್ಡಕ್ಕೆ ವರ್ಷಕ್ಕೆ ಬೀಳುವುದೇ ನಾನೂರು ಚಿಲ್ಲರೆ ಮಿಲಿಮೀಟರು. ನಮ್ಮ ಕರಾವಳಿಯಲ್ಲಿ ಎರಡು ವಾರ ಒಳ್ಳೆಯ ಮಳೆಯಾದರೆ ಅಷ್ಟಾಗುತ್ತದೆ. ಅದರಲ್ಲಿ ಮೂವತ್ತೇಳು ದಿನದ್ದು ಇಲ್ಲವೆಂದರೆ ಲೆಕ್ಕ ಎಲ್ಲಿ ಉಳಿಯುತ್ತದೆ? ಹಿಂದಿನ ನೌಕರನ ಬರಹವನ್ನೂ ಅವರು ನಂಬಲಾರದೆ ಹೋದರು. ಪಾಠ ಹೇಳಿಕೊಟ್ಟವನು ಅವನೇ ಅಲ್ಲವೇ. ಏಪ್ರಿಲ್ ಒಂದರಿಂದ ಹೊಸದಾಗಿ ಮೂರು ವರ್ಷ ಎಣಿಸಬೇಕು, ನಿನಗೆ ಸಾಕೆನಿಸಿದ್ದರೆ ಹೋಗಬಹುದು ಎಂದರು. ಹಸನ್ ಕುಂಞಿ, ತಾನೇ ಎಣಿಸುತ್ತೇನೆ ಎಂದು ಹೇಳಿ ವಾಪಸು ಬಂದರು.

ವಾಪಸು ಬಂದಾಗ ಹಳ್ಳಿಯಲ್ಲಿ ಯಾರೂ ಅವರಿಗೆ ಸಲಾಂ ಹೇಳಲಿಲ್ಲ. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಅಣೆಕಟ್ಟಿಗಾಗಿ ಎರಡು ವರ್ಷದಿಂದ ಕಾದಿದ್ದ ಜನ. ಇನ್ನೊಂದೇ ವರ್ಷ ಎಂದು ಬೆರಳು ಮಡಚುತ್ತಿದ್ದವರಿಗೆ ಮತ್ತೆ ಮೂರು ಎಂದರೆ ಸಿಟ್ಟು ಬಾರದಿರುತ್ತದೆಯೇ. ಪಕ್ಕದ ಮನೆಯಿಂದ ಸಂಜೆ ಬರುತ್ತಿದ್ದ ಚಹಾ ನಿಂತಿತು. ಹಳ್ಳಿಗೆ ಕುಡಿಯುವ ನೀರು ತರುವ ಟ್ಯಾಂಕರಿನ ಚಾಲಕ ನೋಣಯಣ್ಣ ಬಂಟ್ವಾಳದ ಕಡೆಯವರು. ಹತ್ತು ದಿನಕ್ಕೊಮ್ಮೆ ಅವರು ಬಂದಾಗ ಮಾತ್ರ ಇವರಿಗೆ ಬಾಯಿಬಿಟ್ಟು ಮಾತಾಡುವ ಯೋಗ.

ನೋಣಯಣ್ಣನನ್ನು ಕೇಳಿದರೆ ಅಣೆಕಟ್ಟು ಆದಷ್ಟು ಬೇಗ ಆಗಲಿ ಎನ್ನುತ್ತಾರೆ. ಆದರೆ ನಿಮ್ಮ ಕೆಲಸ ಹೋಗುವುದಿಲ್ಲವೇ ಎಂದರೆ, "ಹೋಗ್ಲಿ ಮಾರಾಯ್ರೆ. ತುಂಬಿದ ಟ್ಯಾಂಕರನ್ನು ಆ ತಿರುವಿನಲ್ಲಿ ಹತ್ತಿಸುವಾಗ ನನಗೆ ಗೊತ್ತಿರುವ ದೈವಗಳಿಗೆಲ್ಲ ಹರಕೆ ಹೇಳಿ ಮುಗಿದಿದೆ," ಎಂದು ನಗುತ್ತಾರೆ. ಹತ್ತು ದಿನಕ್ಕೆ ಒಂದು ಟ್ಯಾಂಕರ್, ಅರುವತ್ತು ಮನೆ. ಹೆಂಗಸರು ಪಾತ್ರೆ ತೊಳೆದ ನೀರನ್ನು ಆಡಿಗೆ, ಮುಖ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತಾರೆ. ಹಸನ್ ಕುಂಞಿಯವರೂ ಅದೇ ಟ್ಯಾಂಕರಿನ ಎರಡು ಕೊಡದಲ್ಲಿ ಹತ್ತು ದಿನ ಕಳೆಯುವವರು. ಈ ಜನರ ಎರಡು ವರ್ಷವನ್ನು ತಾನು ಚೆಲ್ಲಿದೆ ಎಂಬುದು ಅವರನ್ನು ಕೊರೆದಿದೆ, ಈಗಲೂ ಕೊರೆಯುತ್ತದೆ.

ಹಾಗೆ ಶುರುವಾದ ದಿನಚರಿ ಇದು. ನಾಲ್ಕಕ್ಕೆ ಎದ್ದು ಹಾಲಿಲ್ಲದ ಕಟ್ಟಂಚಹಾ, ಒಂದು ಖುಬ್ಬೂಸ್ ರೊಟ್ಟಿ. ನಾಲ್ಕೂವರೆಗೆ ಹೊರಟರೆ ಏರಲು ಒಂದು ಗಂಟೆ ಇಪ್ಪತ್ತು ನಿಮಿಷ, ಇಳಿಯಲು ಮುಕ್ಕಾಲು ಗಂಟೆ. ನಸುಕಿನ ಸುಬುಹಿ ನಮಾಜು ನಡುದಾರಿಯ ಚಪ್ಪಟೆ ಬಂಡೆಯ ಮೇಲೆ. ಮಂಜಿನಲ್ಲಿ ಎರಡು ಸಲ ದಾರಿ ತಪ್ಪಿ ಕಡಿದಾದ ಕಣಿವೆಯ ಅಂಚಿಗೆ ಹೋಗಿ ನಿಂತ ಮೇಲೆ, ಐವತ್ತು ಹೆಜ್ಜೆಗೆ ಒಂದರಂತೆ ಸುಣ್ಣ ಬಳಿದ ಕಲ್ಲು ಇಟ್ಟುಕೊಂಡಿದ್ದಾರೆ. ಕೋತಿಗಳು ಆಲಿಕೆಯನ್ನು ಕಿತ್ತು ಟೋಪಿ ಮಾಡಿಕೊಂಡ ಮೇಲೆ ಮುಳ್ಳಿನ ಬೇಲಿ ಕಟ್ಟಿದ್ದಾರೆ. ಮೂರು ವರ್ಷದಲ್ಲಿ ನಾಲ್ಕು ಜೊತೆ ಬೂಟು ಸವೆದಿವೆ. ಜ್ವರ ಬಂದ ದಿನವೂ ಹತ್ತಿದ್ದಾರೆ. ಒಮ್ಮೆ ಕೊನೆಯ ಏರನ್ನು ಕೈ ಮತ್ತು ಮಂಡಿಯ ಮೇಲೆ ಹತ್ತಿದ್ದೂ ಉಂಟು. ಶುಕ್ರವಾರ ಊರಿಗೆಲ್ಲ ರಜೆ, ಡಬ್ಬಿಗೆ ರಜೆ ಇಲ್ಲ.

ಪೆರ್ನಾಳಿಗೂ ಇಲ್ಲ. ಬೆಳಿಗ್ಗೆ ಆರಕ್ಕೆ ಗುಡ್ಡದ ನೆತ್ತಿಯಲ್ಲಿರಬೇಕಾದವನಿಗೆ ಹಬ್ಬದ ನಮಾಜು ಸಿಗುವುದಾದರೂ ಹೇಗೆ? ಮೊದಲ ಎರಡು ವರ್ಷ ಇವರು ಇಳಿದು ಬರುವಾಗ ಜನ ನಮಾಜು ಮುಗಿಸಿ, ತಬ್ಬಿಕೊಂಡು, ಊಟಕ್ಕೆ ಕೂತಿರುತ್ತಿದ್ದರು. ಕಳೆದ ವರ್ಷ ಇಳಿದು ಬಂದಾಗ ಬಯಲಿನಲ್ಲಿ ಗಂಡಸರೆಲ್ಲ ಸಾಲು ಕಟ್ಟಿ ಸುಮ್ಮನೆ ಕೂತಿದ್ದರು. ಏನಾಯಿತೋ ಎಂದು ಇವರಿಗೆ ಗಾಬರಿ. ಇಮಾಮರು ತಿರುಗಿ ನೋಡಿ, ಇವರು ಸಾಲಿನಲ್ಲಿ ನಿಂತ ಮೇಲೆ ತಕ್ಬೀರ್ ಹೇಳಿ ನಮಾಜು ಶುರುಮಾಡಿದರು. ಅರುವತ್ತು ಮನೆಯವರು ಇವರೊಬ್ಬರಿಗಾಗಿ ಕಾದಿದ್ದರು. ಇದನ್ನು ಹೇಳುವಾಗ ಹಸನ್ ಕುಂಞಿ ಮುಖ ಆಚೆ ತಿರುಗಿಸುತ್ತಾರೆ.

ಎರಡು ವರ್ಷದ ಕರಾರು ೧೯೮೪ರಲ್ಲೇ ಮುಗಿದಿತ್ತು. ರಜೆಯ ಟಿಕೆಟ್ಟು ಕೊಡಲು ವೀಸಾ ಕೊಟ್ಟ ಕಫೀಲ್ ಸಿದ್ಧನಿದ್ದ. ಆದರೆ ಮೂರು ತಿಂಗಳ ರಜೆಗೆ ಬದಲಿ ಆಳು ಬೇಕು, ಬದಲಿಗೆ ಬಂದ ಇಬ್ಬರೂ ಗುಡ್ಡವನ್ನು ಒಮ್ಮೆ ಹತ್ತಿ ನೋಡಿ ಸಂಜೆಯ ಗಾಡಿಗೇ ವಾಪಸಾದರು. ಊರಿನಲ್ಲಿ ಹೆಂಡತಿ ಸಫಿಯತ್, ಮಗಳು ಆಯಿಶತ್. ಮಗಳು ಹುಟ್ಟಿದ್ದು ೧೯೮೩ರ ಜೂನಿನಲ್ಲಿ. ಅವಳಿಗಿಂತ ಈ ಪುಸ್ತಕ ಎರಡು ತಿಂಗಳು ದೊಡ್ಡದು. ಅಪ್ಪ ಅವಳನ್ನು ನೋಡಿಲ್ಲ. ರಜೆ ಮುಂದೂಡಿದ ಪತ್ರ ತಲುಪಿದ ಮೇಲೆ ಸಫಿಯತ್ ಎರಡು ತಿಂಗಳು ಪತ್ರವನ್ನೇ ಬರೆಯಲಿಲ್ಲ. ಸಾದುಲ್ಲಾ ಸಾಹೇಬರ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದ ಆ ದಿನಗಳ ಮುಂದೆ ಗುಡ್ಡ ಹತ್ತುವುದು ಏನೂ ಅಲ್ಲ ಎನ್ನುತ್ತಾರೆ ಹಸನ್ ಕುಂಞಿ. ಕೊನೆಗೊಂದು ಪತ್ರ ಬಂತು. ಅದರಲ್ಲಿದ್ದ ಎರಡು ಸಾಲು ಅವರಿಗೆ ಬಾಯಿಪಾಠ: "ಹಾಳು ಮಾಡಿದ್ದು ನೀವಾದ್ರೆ ಸರಿ ಮಾಡ್ಬೇಕಾದ್ದೂ ನೀವೇ. ಪೂರ್ತಿ ಮಾಡಿಯೇ ಬನ್ನಿ, ಅರ್ಧಕ್ಕೆ ಬಿಟ್ಟು ಬರ್ಬೇಡಿ."

ಇಷ್ಟೆಲ್ಲ ಆದ ಮೇಲೆ ಬಂತು ೧೯೮೫ರ ಏಪ್ರಿಲ್ ಇಪ್ಪತ್ತಮೂರು. ರಾತ್ರಿಯಿಡೀ ಸುರಿದ ಮಳೆ, ಹಸನ್ ಕುಂಞಿಯವರೂ ಮಳೆ ಎಂದು ಒಪ್ಪುವಂಥದ್ದು. ಬೆಳಿಗ್ಗೆ ನೋಡಿದರೆ ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳದಲ್ಲಿ ಕೆಂಪು ನೀರು ಬಂಡೆಗಳನ್ನು ಉರುಳಿಸಿಕೊಂಡು ಹೋಗುತ್ತಿದೆ. ತುಂಬಿದ ನೇತ್ರಾವತಿಯಲ್ಲಿ ಜನರನ್ನು ದಾಟಿಸಿದವರು ಇಪ್ಪತ್ತು ಅಡಿ ಅಗಲದ ಹಳ್ಳದ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಒಮ್ಮೆ ಇಳಿದು ನೋಡಿದರು, ನೀರು ಕಾಲು ಕಿತ್ತಿತು, ಹಳ್ಳಿಯವರು ಹಗ್ಗ ಎಸೆದು ಎಳೆದುಕೊಂಡರು. ಇವತ್ತು ಸಾಕು ಎಂದು ಎಲ್ಲರೂ ಹೇಳಿದರು. ಆಡಿನ ಮುದುಕಿ ಮಾತ್ರ ಹಳ್ಳದ ಮೇಲ್ದಿಕ್ಕಿಗೆ ಕೋಲು ತೋರಿಸಿದರು. ಹಳ್ಳ ಹುಟ್ಟುವ ಜಾಗವನ್ನೇ ಬಳಸಿ, ಕಣಿವೆಯ ಅಂಚಿನಲ್ಲಿ ಆಡುಗಳು ಹೋಗುವ ಜಾಡಿನಲ್ಲಿ ಗುಡ್ಡದ ಬೆನ್ನಿಗೆ ಹತ್ತಬಹುದಂತೆ. ಇವರು ಹೊರಟರು. ಏಳು ಗಂಟೆ ಹಿಡಿಯಿತು. ಜಾಡು ಎಲ್ಲಿ ಮುಗಿಯಿತೋ ಅಲ್ಲಿ ಬೇರು ಹಿಡಿದು ಹತ್ತಿದರು, ಬೇರು ಸಿಗದಲ್ಲಿ ಕೂತು ಜಾರಿದರು.

ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಡಬ್ಬಿ ತುಂಬಿ ಹೊರಚೆಲ್ಲಿರಲಿಲ್ಲ. ಗಾಜಿನ ಅಳತೆಗೆ ಹಲವು ಸಲ ಹೊಯ್ದು ಕೂಡಿಸಿದರೆ ಅರವತ್ತೊಂದು ಬಿಂದು ನಾಲ್ಕು. ಬೆರಳುಗಳ ತುದಿ ಸುಲಿದಿತ್ತು. ಆ ಹಾಳೆಯ ಮೇಲೆ ಒಂದು ಕಂದು ಕಲೆ ಈಗಲೂ ಇದೆ. ಸಂಖ್ಯೆಯ ಪಕ್ಕದಲ್ಲಿ ವೇಳೆ ಬರೆಯುವ ಜಾಗದಲ್ಲಿ ಅವರು ಬರೆದದ್ದು ೨.೨೦.

ತಿಂಗಳ ಕೊನೆಯಲ್ಲಿ ಪುಸ್ತಕ ನೋಡಿದ ಗುತ್ತಿಗೆದಾರನ ಮೇಸ್ತ್ರಿ ತಲೆ ಚಚ್ಚಿಕೊಂಡ. ಆರು ಗಂಟೆ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತಲ್ಲ, ಗುಡ್ಡದ ಮೇಲೆ ನಿನ್ನನ್ನು ನೋಡಲು ಯಾರು ಬಂದಿದ್ದರು, ಯಲ್ಲಾ, ಬೇಗ ರಬ್ಬರು ತೆಗೆದು ಅಳಿಸು ಎಂದ. ಇವರು ಅಳಿಸಲಿಲ್ಲ. ಮೇಸ್ತ್ರಿ ಎರಡು ಸಲ ಕೇಳಿದ, ಮೂರನೆಯ ಸಲ ಕೂಗಾಡಿದ. ಇವರು ಪುಸ್ತಕವನ್ನು ಮೇಣಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಂತರು. ಇಲಾಖೆಯಿಂದ ಸ್ವಲ್ಪ ದಿನಕ್ಕೆ ಒಂದು ಸಾಲಿನ ಕಾಗದ ಬಂತು. ಈ ದಿನದ ಅಳತೆ ಎಂಟು ಗಂಟೆ ತಡವಾಗಿದೆ, ಇದನ್ನು ಬಿಟ್ಟುಹೋದ ದಿನವೆಂದು ಎಣಿಸಬೇಕೋ ಬೇಡವೋ ಎಂಬುದು ಕೊನೆಯ ತಪಾಸಣೆಯಲ್ಲಿ ತೀರ್ಮಾನವಾಗುತ್ತದೆ ಎಂದು. ಆ ಕಾಗದ ಬಂದ ಮೇಲೂ ಅವರು ಮುನ್ನೂರು ಚಿಲ್ಲರೆ ಬೆಳಗು ಗುಡ್ಡ ಹತ್ತಿದ್ದಾರೆ. ಹತ್ತಿದ್ದೆಲ್ಲ ವ್ಯರ್ಥವಾಗಬಹುದು ಎಂದು ಗೊತ್ತಿದ್ದೂ ಹತ್ತಿದ್ದಾರೆ. ಬೇಸರ ಬರಲಿಲ್ಲವೇ ಎಂದರೆ ಬಂತು ಎನ್ನುತ್ತಾರೆ. ಬಂದರೂ ಬೂಟು ಹಾಕಿಕೊಳ್ಳುತ್ತಿದ್ದರಂತೆ.

ಮಾರ್ಚ್ ಮೂವತ್ತೊಂದರ ಬೆಳಿಗ್ಗೆ ಇಂಜಿನಿಯರ್ ತಾವೇ ಗುಡ್ಡ ಹತ್ತುತ್ತಾರೆ. ಹಿಂದಿನ ಸಂಜೆಯೇ ಬಂದು ಹಳ್ಳಿಯಲ್ಲಿ ಉಳಿದಿದ್ದ ಅವರಿಗೆ ಈಗ ಐವತ್ತೆಂಟು. ಮೂರು ಕಡೆ ಕೂತು ಏದುಸಿರು ಬಿಡುತ್ತಾರೆ, ಬಿಳಿ ಕಲ್ಲುಗಳನ್ನು ಎಣಿಸುತ್ತಾರೆ, ನಡುದಾರಿಯಲ್ಲಿ ಹಸನ್ ಕುಂಞಿಯವರೊಡನೆ ಬಂಡೆಯ ಮೇಲೆ ನಮಾಜು ಮಾಡುತ್ತಾರೆ. ಹಿಂದಿನಿಂದ ಹಳ್ಳಿಯ ಏಳೆಂಟು ಗಂಡಸರೂ ಬರುತ್ತಾರೆ. ಯಾರೂ ಕರೆದಿಲ್ಲ. ಬೇಲಿಯಿಂದ ದೂರದಲ್ಲಿ ಆಡುಗಳೂ, ಅವುಗಳ ಯಜಮಾನಿಯೂ ಇದ್ದಾರೆ.

ಆರು ಗಂಟೆಗೆ ಹಸನ್ ಕುಂಞಿ ಆಲಿಕೆ ಎತ್ತುತ್ತಾರೆ, ನೀರು ಹೊಯ್ಯುತ್ತಾರೆ, ಮಂಡಿಯೂರುತ್ತಾರೆ. ಸೊನ್ನೆ ಬಿಂದು ನಾಲ್ಕು ಎಂದು ಹೇಳಿ ಗಾಜನ್ನು ಇಂಜಿನಿಯರ್ ಕೈಗೆ ಕೊಡುತ್ತಾರೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ ತಲೆಯಾಡಿಸುತ್ತಾರೆ. ಸಾವಿರದ ತೊಂಬತ್ತಾರನೆಯದನ್ನು ಪೆನ್ಸಿಲಿನಿಂದ ಬರೆದದ್ದಾಯಿತು. ಆಮೇಲೆ ಇಂಜಿನಿಯರ್ ಕಟ್ಟೆಯ ಮೇಲೆ ಕೂತು ಹಳೆಯ ಹಾಳೆಗಳನ್ನು ತಿರುವುತ್ತಾ ಕಂದು ಕಲೆಯ ಹಾಳೆಗೆ ಬಂದು ನಿಲ್ಲುತ್ತಾರೆ. ಆರು ಗಂಟೆ ಎಂದು ಯಾಕೆ ಬರೆಯಲಿಲ್ಲ ಎಂದು ಇಂಜಿನಿಯರ್ ಕೇಳುತ್ತಾರೆ.

"ಆರು ಗಂಟೆಗೆ ನಾನು ಇಲ್ಲಿರಲಿಲ್ಲ," ಎನ್ನುತ್ತಾರೆ ಹಸನ್ ಕುಂಞಿ.

ಇಂಜಿನಿಯರ್ ಪುಸ್ತಕದಿಂದ ತಲೆಯೆತ್ತುವುದಿಲ್ಲ. ಇಂಥ ಪುಸ್ತಕಗಳನ್ನು ತಾನು ನಲವತ್ತು ನೋಡಿದ್ದೇನೆ, ಅವುಗಳಲ್ಲೆಲ್ಲ ಪ್ರವಾಹದ ದಿನವೂ ಪ್ರತಿಯೊಬ್ಬರೂ ಆರಕ್ಕೆ ಸರಿಯಾಗಿ ಹಾಜರು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ನೀರು ಡಬ್ಬಿಯಲ್ಲೇ ಇತ್ತು, ಹೊರಗೆ ಹೋಗಿಲ್ಲ, ತಡವಾಗಿದೆ, ತಪ್ಪಿಲ್ಲ. ಅಂಚಿನಲ್ಲಿ ಎರಡು ಪದ ಬರೆದು ಸಹಿ ಹಾಕುತ್ತಾರೆ. ಅಲ್ಲಿದ್ದವರಲ್ಲಿ ಓದು ಬರುವ ಒಬ್ಬ ಮುಂದೆ ಬಗ್ಗಿ ಅದನ್ನು ಜೋರಾಗಿ ಓದುತ್ತಾನೆ: ಒಪ್ಪಿದೆ, ಪೂರ್ಣ.

ಅಣೆಕಟ್ಟು ಆಗುತ್ತದೆಂದು ಇಂಜಿನಿಯರ್ ಮಾತು ಕೊಡುವುದಿಲ್ಲ. ಕಾಗದ ರಿಯಾದಿಗೆ ಹೋಗಬೇಕು, ಅಲ್ಲಿ ದೊಡ್ಡವರು ನೋಡಬೇಕು. ಆದರೆ ಮಳೆಯ ಲೆಕ್ಕ ಸಾಲದು ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ. ಇಳಿಯುವಾಗ ಗಂಡಸರು ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗುತ್ತಾರೆ, ತೆರೆದು ನೋಡುವ ಧೈರ್ಯ ಯಾರಿಗೂ ಇಲ್ಲ. ಹಸನ್ ಕುಂಞಿಯವರಿಗೆ ಹಳ್ಳದ ಹತ್ತಿರ ಬರುವಾಗ ಹಸಿವು ಶುರುವಾಗುತ್ತದೆ. ಯಾರದೋ ಮನೆಯಲ್ಲಿ ರೊಟ್ಟಿ, ತುಪ್ಪ, ಜೇನು ಇಟ್ಟಿದ್ದಾರೆ. ಒಬ್ಬರೇ ಮೂವರ ಪಾಲು ಮುಗಿಸುತ್ತಾರೆ.

ಬದಲಿ ಆಳು ಬರುವ ವಾರ ಬರುತ್ತಾನೆ. ಅವನ ಜೊತೆ ಹತ್ತು ದಿನ ಹತ್ತಿ ಎಲ್ಲವನ್ನೂ ತೋರಿಸಿದ ಮೇಲೆಯೇ ಹೊರಡುವುದೆಂದು ಹಸನ್ ಕುಂಞಿ ಗುತ್ತಿಗೆದಾರನಿಗೆ ಹೇಳಿದ್ದಾರೆ. ಒಂದು ದಿನದ ಪಾಠ ಏನು ಮಾಡುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆಮೇಲೆ ಜಿದ್ದಾ, ಬೊಂಬಾಯಿ, ಅಲ್ಲಿಂದ ಬಸ್ಸು. ಊರಿಗೆ ಹೋಗುವ ಸಂತೋಷದ ಜೊತೆಗೆ ಅವರಿಗೆ ಒಂದು ಅಂಜಿಕೆಯೂ ಇದೆ. ಮಗಳಿಗೆ ಅಪ್ಪ ಎಂದರೆ ಕ್ಯಾಸೆಟ್ಟಿನಲ್ಲಿ ಬರುವ ಒಂದು ದನಿ, ಮಫ್ಲರು ಸುತ್ತಿಕೊಂಡ ಒಂದು ಫೋಟೋ. ನೋಣಯಣ್ಣ ಮೊದಲ ರಜೆಗೆ ಹೋದಾಗ ಅವರ ಮಗ ನಾಲ್ಕು ದಿನ ಅಜ್ಜಿಯ ಸೆರಗು ಬಿಟ್ಟು ಈಚೆ ಬಂದಿರಲಿಲ್ಲವಂತೆ. ಈ ಮಾವ ಯಾವಾಗ ಹೋಗುವುದು ಎಂದು ಕೇಳಿದನಂತೆ. ನಿಮಗೂ ಹಾಗಾದರೆ ಏನು ಮಾಡುತ್ತೀರಿ ಎಂದರೆ ಹಸನ್ ಕುಂಞಿ ಬೂಟಿನ ಕೆಸರು ಕೆರೆಯುತ್ತಾರೆ.

"ಓಡಿ ಬಂದು ಅಪ್ಪಿ ಹಿಡಿಬೇಕು ಅಂತ ನನಗೆ ಆಸೆ ಇಲ್ಲ," ಎನ್ನುತ್ತಾರೆ. "ದೂರ ನಿಲ್ಲಲಿ, ಪರವಾಗಿಲ್ಲ. ಒಂದು ದಿನ ಬಾಗಿಲ ಮರೆಯಿಂದ ನೋಡಿಯಾಳು. ಮತ್ತೊಂದು ದಿನ ನನ್ನ ಕೈಯಿಂದ ಒಂದು ತುಂಡು ಬೆಲ್ಲ ತಕ್ಕೊಂಡಾಳು. ದಿನಾ ಬೆಳಿಗ್ಗೆ ಎದ್ದು ಕಾಯ್ಲಿಕ್ಕೆ ನನಗೆ ಬರ್ತದೆ. ಎಷ್ಟು ಸಣ್ಣದು ಸಿಕ್ಕಿದ್ರೂ ಈಗ ನಾನು ಚೆಲ್ಲುದಿಲ್ಲ."